ಶಾಲೆಯ ಗಣಕದಲ್ಲಿ ‘ಮನೆ’ ಕಾಣೆಯಾದಾಗ

ಮೂರು ವಾರ ದುಡಿದು ಬರೆದ ಪಾಠ ಒಂದು ಬೆಳಿಗ್ಗೆ ಪರದೆಯ ಮೇಲೆ ಇಲ್ಲವೆಂದರೆ ಯಾವ ಮಗುವಿಗೂ ಅಳು ಬರುತ್ತದೆ. ಆದರೆ ಕಾಣದೆ ಇರುವುದೆಲ್ಲ ಕಳೆದುಹೋದದ್ದಲ್ಲ. ಲಿನಕ್ಸ್ ಬಳಸುವ ಶಾಲೆಯಲ್ಲಿ ಇಂಥ ಹೊತ್ತಿನಲ್ಲಿ ಏನು ಮಾಡಬೇಕು, ಏನನ್ನು ಖಂಡಿತ ಮಾಡಬಾರದು? ವಿದ್ಯಾರ್ಥಿಗಳಿಗೂ ಪೋಷಕರಿಗೂ ಇಲ್ಲಿದೆ ಒಂದು ಕೈಪಿಡಿ.

ಬೆಂಗಳೂರಿನ ಬಾಗಲಗುಂಟೆಯಂಥ ಬಡಾವಣೆಯ ಒಂದು ಶಾಲೆಯನ್ನು ಕಲ್ಪಿಸಿಕೊಳ್ಳಿ. ಒಂದು ಕಡೆ ತುಮಕೂರು ರಸ್ತೆಯ ಲಾರಿಗಳ ಸದ್ದು, ಇನ್ನೊಂದು ಕಡೆ ಹೆಸರಘಟ್ಟ ರಸ್ತೆಯ ಬಸ್ಸುಗಳು. ಬೆಳಗಿನ ಪಾಳಿಗೆ ಪೀಣ್ಯದ ಕಾರ್ಖಾನೆಗಳಿಗೆ ಹೊರಟವರು ಹೊರಟಾಗಿದೆ. ಅವರ ಮಕ್ಕಳು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಇಬ್ಬಿಬ್ಬರಂತೆ ಕುಳಿತಿದ್ದಾರೆ. ಹಿಂದಿನ ರಾತ್ರಿ ಎರಡು ಬಾರಿ ಕರೆಂಟು ಹೋಗಿ ಬಂದಿದೆ.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತನ್ನ ಹೆಸರು, ಗುಪ್ತಪದ ಒತ್ತುತ್ತಾಳೆ. ಮಳೆನೀರು ಕೊಯ್ಲಿನ ಮೇಲೆ ಅವಳು ಮೂರು ವಾರದಿಂದ ಪ್ರಬಂಧ ಬರೆಯುತ್ತಿದ್ದಾಳೆ. ನಾಳೆ ಅದನ್ನು ಒಪ್ಪಿಸಬೇಕು. ಪರದೆ ತೆರೆದುಕೊಳ್ಳುತ್ತದೆ. ಅವಳು ಹಾಕಿಕೊಂಡಿದ್ದ ನವಿಲಿನ ಚಿತ್ರ ಇಲ್ಲ. ಕನ್ನಡ ಕೀಲಿಮಣೆಯ ಆಯ್ಕೆ ಇಲ್ಲ. ಪ್ರಬಂಧವಂತೂ ಇಲ್ಲವೇ ಇಲ್ಲ.

“ಮಿಸ್, ನನ್ನ ಫೈಲು ಕಾಣ್ತಿಲ್ಲ ಮಿಸ್!”

“ಸರಿಯಾಗಿ ನೋಡಮ್ಮ, ಅಲ್ಲೇ ಇರುತ್ತೆ.”

“ಏನೂ ಇಲ್ಲ ಮಿಸ್. ಎಲ್ಲ ಖಾಲಿ.”

ಪಕ್ಕದ ಯಂತ್ರದ ಹುಡುಗನದೂ ಅದೇ ಗೋಳು. ಅಷ್ಟರಲ್ಲಿ ಅಲ್ಪಸ್ವಲ್ಪ ಬಲ್ಲವರೊಬ್ಬರು ಬಂದು, “ಸಿಸ್ಟಮ್ ಕೆಟ್ಟಿದೆ. ಹೊಸದಾಗಿ ಇನ್‌ಸ್ಟಾಲ್ ಮಾಡಿಬಿಡೋಣ, ಅರ್ಧ ದಿನದ ಕೆಲಸ” ಎನ್ನುತ್ತಾರೆ. ಕೈಯಲ್ಲಿ ಪೆನ್‌ಡ್ರೈವ್ ಕೂಡ ಸಿದ್ಧ.

ನಿಲ್ಲಿಸಬೇಕಾದದ್ದು ಇಲ್ಲೇ. ಆ ಹುಡುಗಿಯ ಪ್ರಬಂಧ ಬಹುಮಟ್ಟಿಗೆ ಇನ್ನೂ ಸುರಕ್ಷಿತವಾಗಿದೆ. ಅದನ್ನು ನಿಜವಾಗಿ ಅಳಿಸಬಲ್ಲದ್ದು ಆ ಪೆನ್‌ಡ್ರೈವ್.

ಏನಿದು ‘ಹೋಮ್’?

ನಮ್ಮ ಮನೆಯಲ್ಲಿರುವ ಒಂಟಿ ಕಂಪ್ಯೂಟರಿನಲ್ಲಿ ಕಡತಗಳು ಅದೇ ಪೆಟ್ಟಿಗೆಯೊಳಗಿನ ಡಿಸ್ಕ್‌ನಲ್ಲಿ ಇರುತ್ತವೆ. ಶಾಲೆಯಲ್ಲಿ ಹಾಗೆ ಮಾಡಿದರೆ ತೊಂದರೆ. ಸೋಮವಾರ ಮೂರನೇ ಯಂತ್ರದಲ್ಲಿ ಕುಳಿತ ಹುಡುಗ ಗುರುವಾರ ಹತ್ತನೇ ಯಂತ್ರದಲ್ಲಿ ಕುಳಿತರೆ ಅವನ ಕೆಲಸ ಅವನೊಡನೆ ಬರುವುದಿಲ್ಲ. ಆದ್ದರಿಂದ ಎಲ್ಲರ ಕಡತಗಳನ್ನೂ ಒಂದೇ ದೊಡ್ಡ ಯಂತ್ರದಲ್ಲಿ ಇಡುತ್ತಾರೆ. ಅದೇ ಸರ್ವರ್. ಅದರಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಕೋಣೆ. ಲಿನಕ್ಸ್ ಭಾಷೆಯಲ್ಲಿ ಅದರ ಹೆಸರು ‘ಹೋಮ್ ಡೈರೆಕ್ಟರಿ’. ಇಲ್ಲಿ ನಾವು ‘ಮನೆ’ ಎಂದೇ ಕರೆಯೋಣ. ನೀವು ಯಾವ ಯಂತ್ರದ ಮುಂದೆ ಕುಳಿತು ಹೆಸರು ಹೇಳಿದರೂ ನಿಮ್ಮ ಮನೆಯನ್ನು ತಂತಿಯ ಮೂಲಕ ಆ ಯಂತ್ರಕ್ಕೆ ಜೋಡಿಸಲಾಗುತ್ತದೆ. ಈ ಜೋಡಣೆಗೆ ‘ಮೌಂಟ್’ ಎಂದು ಹೆಸರು.

ಬೆಂಗಳೂರಿನವರಿಗೆ ಇದನ್ನು ನೀರಿನ ಉದಾಹರಣೆಯಿಂದ ಹೇಳುವುದು ಸುಲಭ. ಬಾಗಲಗುಂಟೆಯ ಪಕ್ಕದ ರಸ್ತೆಗೆ ಹೆಸರು ಕೊಟ್ಟಿರುವ ಹೆಸರಘಟ್ಟದ ಕೆರೆಯಿಂದ 1896ರಲ್ಲಿ ಬೆಂಗಳೂರಿಗೆ ಕೊಳಾಯಿ ನೀರು ಹರಿಯತೊಡಗಿತು. ಇಂದು ಮನೆಮನೆಗೂ ಸಂಪು, ಮೇಲೊಂದು ಟ್ಯಾಂಕು. ಅಡುಗೆಮನೆಯ ನಲ್ಲಿ ತಿರುಗಿಸಿದಾಗ ನೀರು ಬಾರದಿದ್ದರೆ ನಾವು ಟ್ಯಾಂಕು ಒಡೆದು ಹೊಸದು ಕಟ್ಟಿಸುತ್ತೇವೆಯೇ? ಇಲ್ಲ. ಟ್ಯಾಂಕಿನಲ್ಲಿ ನೀರಿದೆಯೇ ಎಂದು ಇಣುಕುತ್ತೇವೆ. ವಾಲ್ವ್ ತೆರೆದಿದೆಯೇ ಎಂದು ನೋಡುತ್ತೇವೆ. ಸರ್ವರ್ ಎಂಬುದು ಟ್ಯಾಂಕು, ಜಾಲದ ತಂತಿ ಎಂಬುದು ಪೈಪು, ಮೌಂಟ್ ಎಂಬುದು ವಾಲ್ವ್, ವಿದ್ಯಾರ್ಥಿಯ ಮುಂದಿರುವ ಯಂತ್ರ ನಲ್ಲಿ. ನಲ್ಲಿ ಒಣಗಿದೆ ಎಂದ ಮಾತ್ರಕ್ಕೆ ಟ್ಯಾಂಕು ಬರಿದಾಗಿದೆ ಎಂದಲ್ಲ.

ಎಲ್ಲಿಂದ ಬಂತು ಈ ಏರ್ಪಾಡು?

ದೂರದ ಯಂತ್ರದ ಡಿಸ್ಕನ್ನು ತನ್ನದೇ ಎಂಬಂತೆ ಬಳಸುವ ‘ಎನ್‌ಎಫ್‌ಎಸ್’ ವಿಧಾನವನ್ನು ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ರೂಪಿಸಿತು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ 21 ವರ್ಷದ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್‌ನ ತಿರುಳನ್ನು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ. ಅದರ ಸುತ್ತ ಕಟ್ಟಿದ ‘ಡೆಬಿಯನ್’ ಎಂಬ ತಂತ್ರಾಂಶ ಗುಚ್ಛವನ್ನು ಇಯಾನ್ ಮರ್ಡಾಕ್ 1993ರಲ್ಲಿ ಆರಂಭಿಸಿದ. ಉಬುಂಟು ಹುಟ್ಟಿದ್ದು ಡೆಬಿಯನ್‌ನಿಂದಲೇ.

ಶಾಲೆಗಳಿಗೆಂದೇ ಇದನ್ನು ಹೊಂದಿಸುವ ಕೆಲಸ 2001ರಲ್ಲಿ ನಾರ್ವೆಯಲ್ಲಿ ‘ಸ್ಕೂಲೆಲಿನಕ್ಸ್’ ಎಂಬ ಹೆಸರಿನಲ್ಲಿ ಮೊದಲಾಯಿತು. ತಮ್ಮ ಮಕ್ಕಳು ತಮ್ಮ ಭಾಷೆಯಲ್ಲೇ ಕಂಪ್ಯೂಟರ್ ಬಳಸಬೇಕೆಂಬುದೂ ಅದರ ಗುರಿಗಳಲ್ಲೊಂದು. ಅದು ಈಗ ‘ಡೆಬಿಯನ್ ಎಜು’ ಎಂಬ ಹೆಸರಿನಲ್ಲೂ ಪ್ರಸಿದ್ಧ. ಅದರಲ್ಲಿ ಶಾಲೆಯ ಮುಖ್ಯ ಸರ್ವರಿಗೆ ಇಟ್ಟಿರುವ ನಾರ್ವೆ ಭಾಷೆಯ ಹೆಸರಿನ ಅರ್ಥ ‘ಸೇವಕ’ ಎಂದು.

ನಮ್ಮ ಕಡೆಯೂ ಲಿನಕ್ಸ್ ಹೊಸದೇನಲ್ಲ. ಕೇರಳದ ಸರ್ಕಾರಿ ಶಾಲೆಗಳಲ್ಲಿ 2001ರಲ್ಲಿ ಆರಂಭವಾದ ‘ಐಟಿ ಅಟ್ ಸ್ಕೂಲ್’ ಯೋಜನೆ ಕೆಲವೇ ವರ್ಷಗಳಲ್ಲಿ ಸ್ವತಂತ್ರ ತಂತ್ರಾಂಶಕ್ಕೆ ಹೊರಳಿತು. 2017ರಲ್ಲಿ ಅದು ‘ಕೈಟ್’ ಎಂಬ ಸಂಸ್ಥೆಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದೇ ಲಿನಕ್ಸ್‌ನಲ್ಲಿ ಕಂಪ್ಯೂಟರ್ ಕಲಿಯುತ್ತಾರೆ. ಅವರಿಗೆ ಆ ವಿಷಯದ ಪಠ್ಯಪುಸ್ತಕವೂ ಕನ್ನಡದಲ್ಲಿದೆ. ಕರ್ನಾಟಕದಲ್ಲಿ 2010ರ ದಶಕದಲ್ಲಿ ‘ವಿಷಯ ಶಿಕ್ಷಕರ ವೇದಿಕೆ’ಯ ತರಬೇತಿಗಳಲ್ಲಿ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರು ಉಬುಂಟು ಕಲಿತರು. ಹಣ ಕೊಟ್ಟು ಪರವಾನಗಿ ಕೊಳ್ಳಬೇಕಿಲ್ಲ. ಒಂದೇ ಪ್ರತಿಯನ್ನು ಎಷ್ಟು ಯಂತ್ರಗಳಿಗೆ ಬೇಕಾದರೂ ಹಾಕಬಹುದು. ಆದರೆ ಪುಕ್ಕಟೆ ಸಿಕ್ಕಿತೆಂದು ನಿರ್ವಹಣೆ ಬೇಡವೆಂದಲ್ಲ.

ಮೊದಲು ಲಕ್ಷಣ ನೋಡಿ

ವೈದ್ಯರು ಮಾತ್ರೆ ಬರೆಯುವ ಮೊದಲು ನಾಲಗೆ ನೋಡುತ್ತಾರೆ, ನಾಡಿ ಹಿಡಿಯುತ್ತಾರೆ. ಇಲ್ಲೂ ಹಾಗೆಯೇ. ಮನೆ ಬಾರದೆ ಹೋದಾಗ ಮೂರು ಬಗೆಯ ಲಕ್ಷಣಗಳು ಕಾಣುತ್ತವೆ.

ಒಂದು, ಹೆಸರು ಮತ್ತು ಗುಪ್ತಪದ ಸರಿಯಾಗಿದ್ದರೂ ಪರದೆ ಒಮ್ಮೆ ಕಪ್ಪಾಗಿ ಮತ್ತೆ ಹೆಸರು ಕೇಳುವ ಜಾಗಕ್ಕೇ ಬಂದು ನಿಲ್ಲುವುದು. ಬಳಕೆದಾರರು ಯಾರೆಂದು ಯಂತ್ರಕ್ಕೆ ಗೊತ್ತಾಗಿದೆ. ಆದರೆ ಅವರನ್ನು ಒಳಗೆ ಕೂರಿಸಲು ಮನೆ ಸಿಕ್ಕಿಲ್ಲ, ಇಲ್ಲವೇ ಮನೆಯಲ್ಲಿ ಬರೆಯಲು ಒಂದಿಷ್ಟೂ ಜಾಗವಿಲ್ಲ.

ಎರಡು, ಒಳಗೆ ಹೋಗಬಹುದು, ಆದರೆ ಎಲ್ಲವೂ ಹೊಚ್ಚಹೊಸದು. ನಮ್ಮ ಹುಡುಗಿಗೆ ಆದದ್ದು ಇದೇ. ಕೆಲವು ಕಡೆ ಮನೆ ಸಿಗದಿದ್ದರೆ ಯಂತ್ರ ತನ್ನದೇ ಡಿಸ್ಕ್‌ನಲ್ಲಿ ಒಂದು ಖಾಲಿ ಮನೆ ಕಟ್ಟಿಕೊಡುವಂತೆ ಏರ್ಪಡಿಸಿರುತ್ತಾರೆ. ನೋಡಿದವರಿಗೆ ಎಲ್ಲ ಅಳಿಸಿಹೋಯಿತೆಂದೇ ಭ್ರಮೆ.

ಮೂರು, ಮೌಸ್ ಅಲುಗಾಡುತ್ತದೆ, ಆದರೆ ಯಾವ ಕಿಟಕಿಯೂ ತೆರೆಯುವುದಿಲ್ಲ. ಕೆಲಸದ ನಡುವೆ ಸರ್ವರಿನ ಸಂಪರ್ಕ ಕಡಿದಿದೆ. ಅದು ಮರಳಿ ಬರುವವರೆಗೂ ಯಂತ್ರ ಕಾಯುತ್ತ ಕುಳಿತಿರುತ್ತದೆ. ಇಲ್ಲಿ ಗುಂಡಿ ಒತ್ತಿ ಆರಿಸದೆ ಸ್ವಲ್ಪ ಕಾದರೆ, ಸರ್ವರ್ ಎದ್ದ ಕೂಡಲೇ ಕೆಲಸ ನಿಂತಲ್ಲಿಂದಲೇ ಮುಂದುವರಿಯುವುದುಂಟು.

ಇಲ್ಲೊಂದು ಸುಳಿವನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಪ್ರಬಂಧ ಒಂದೇ ಕಾಣದೆ ಉಳಿದದ್ದೆಲ್ಲ ಇದ್ದರೆ ಯಾರೋ ಅದನ್ನು ಅಳಿಸಿರಬಹುದು, ಅಥವಾ ಬೇರೆಡೆ ಉಳಿಸಿರಬಹುದು. ಪ್ರಬಂಧದ ಜತೆಗೆ ನವಿಲಿನ ಚಿತ್ರ, ಕೀಲಿಮಣೆಯ ಆಯ್ಕೆ, ಅಕ್ಷರದ ಗಾತ್ರ ಎಲ್ಲವೂ ಹೋಗಿದ್ದರೆ ಅಳಿಸಿದ್ದಲ್ಲ, ಮನೆಯೇ ಬಂದಿಲ್ಲ. ಏಕೆಂದರೆ ಈ ಆಯ್ಕೆಗಳೆಲ್ಲ ಚುಕ್ಕೆಯಿಂದ ಆರಂಭವಾಗುವ ಹೆಸರಿನ ಮರೆಯ ಕಡತಗಳಾಗಿ ಅದೇ ಮನೆಯಲ್ಲಿ ಇರುತ್ತವೆ. ಹುಡುಗಿ “ಎಲ್ಲ ಖಾಲಿ ಮಿಸ್” ಎಂದಳಲ್ಲ, ಆ ಒಂದು ಮಾತಿನಲ್ಲೇ ಅರ್ಧ ಉತ್ತರವಿತ್ತು.

ಟ್ಯಾಂಕಿನಿಂದ ನಲ್ಲಿಯವರೆಗೆ

ಈಗ ಶಿಕ್ಷಕರು ಅಥವಾ ಹಿರಿಯ ವಿದ್ಯಾರ್ಥಿಗಳು ಕ್ರಮವಾಗಿ ನೋಡಬೇಕು. ಕ್ರಮ ತಪ್ಪಿಸಬಾರದು.

ಮೊದಲನೆಯದು, ತೊಂದರೆ ಒಂದೇ ಯಂತ್ರದಲ್ಲೋ ಎಲ್ಲ ಯಂತ್ರಗಳಲ್ಲೋ? ಒಂದರಲ್ಲಿ ಮಾತ್ರವಾದರೆ ಅದರ ತಂತಿ, ಅದರ ಸೆಟ್ಟಿಂಗ್. ಎಲ್ಲದರಲ್ಲೂ ಆದರೆ ಸರ್ವರ್ ಅಥವಾ ನಡುವಿನ ಸ್ವಿಚ್ ಪೆಟ್ಟಿಗೆ. ಎಲ್ಲ ಯಂತ್ರಗಳಲ್ಲೂ ಒಬ್ಬನೇ ವಿದ್ಯಾರ್ಥಿಗೆ ಮಾತ್ರ ತೊಂದರೆಯಾದರೆ ಅವನ ಖಾತೆ. ಈ ಒಂದು ಪ್ರಶ್ನೆಯೇ ಮುಕ್ಕಾಲು ಪಾಲು ಓಡಾಟ ಉಳಿಸುತ್ತದೆ.

ಎರಡನೆಯದು, ಸರ್ವರ್ ಎದ್ದಿದೆಯೇ? ದೀಪ ಉರಿದರೆ ಸಾಲದು. ಕರೆಂಟು ಹೋಗಿ ಬಂದಾಗ ಎಲ್ಲ ಯಂತ್ರಗಳೂ ಒಟ್ಟಿಗೆ ಚಾಲೂ ಆಗುತ್ತವೆ. ಸಣ್ಣ ಯಂತ್ರಗಳು ಬೇಗ ಎದ್ದು ಮನೆಯನ್ನು ಕೇಳುತ್ತವೆ. ಸರ್ವರ್ ಇನ್ನೂ ತನ್ನ ಡಿಸ್ಕ್‌ಗಳನ್ನು ಪರೀಕ್ಷಿಸುತ್ತಿರುತ್ತದೆ. ಕೇಳಿದವರಿಗೆ ಉತ್ತರ ಸಿಗುವುದಿಲ್ಲ. ಅವು ಮನೆಯಿಲ್ಲದೆಯೇ ಮುಂದುವರಿಯುತ್ತವೆ. ನಮ್ಮ ಕಥೆಯ ಹುಡುಗಿಯ ಯಂತ್ರಕ್ಕೆ ಹೀಗಾಗಿರುವ ಸಂಭವವೇ ಹೆಚ್ಚು. ಉಪಾಯ ಸರಳ: ಸರ್ವರನ್ನು ಮೊದಲು ಹಾಕಿ, ಅದು ಪೂರ್ತಿ ಎದ್ದ ಮೇಲೆ ಉಳಿದವನ್ನು ಹಾಕುವುದು. ಈಗಾಗಲೇ ಎದ್ದಿರುವ ಯಂತ್ರಗಳನ್ನು ಒಮ್ಮೆ ಮರುಚಾಲನೆ ಮಾಡಿದರೆ ಸಾಕು. ಬಳಕೆದಾರ ಬಂದಾಗ ಮಾತ್ರ ಮನೆಯನ್ನು ಜೋಡಿಸುವ ‘ಆಟೋಎಫ್‌ಎಸ್’ ಎಂಬ ಏರ್ಪಾಡು ಇದ್ದರೆ ಈ ತೊಂದರೆ ಬಹಳ ಕಡಿಮೆ. ಸರ್ವರಿಗೆ ಒಂದು ಯುಪಿಎಸ್ ಇದ್ದರೆ ಇನ್ನೂ ಒಳ್ಳೆಯದು.

ಮೂರನೆಯದು, ದಾರಿ ಇದೆಯೇ? ‘ಪಿಂಗ್’ ಎಂಬ ಆದೇಶದಿಂದ ಸರ್ವರನ್ನು ಕೂಗಿ ನೋಡಬಹುದು. ಓಗೊಟ್ಟರೆ ಪೈಪು ಸರಿಯಿದೆ. ಓಗೊಡದಿದ್ದರೆ ಯಂತ್ರಕ್ಕೆ ಸಿಕ್ಕಿರುವ ಜಾಲದ ವಿಳಾಸ ನೋಡಿ. ಡೆಬಿಯನ್ ಎಜು ತನ್ನ ಜಾಲಕ್ಕೆ 10 ಎಂದು ಆರಂಭವಾಗುವ ವಿಳಾಸ ಹಂಚುತ್ತದೆ. ಮುಖ್ಯ ಸರ್ವರಿನ ವಿಳಾಸ 10.0.2.2. ಆದರೆ ಶಾಲೆಗೆ ಬ್ರಾಡ್‌ಬ್ಯಾಂಡ್ ಹಾಕಿದವರು ತಂದಿಟ್ಟ ಪೆಟ್ಟಿಗೆಯೂ ವಿಳಾಸ ಹಂಚುತ್ತದೆ; ಅದು ಸಾಮಾನ್ಯವಾಗಿ 192.168 ಎಂದು ಆರಂಭವಾಗುವಂಥದ್ದು. ಯಾರೋ ಅದರ ತಂತಿಯನ್ನು ನೇರವಾಗಿ ಕೋಣೆಯ ಸ್ವಿಚ್‌ಗೆ ಚುಚ್ಚಿದರೆ ಒಂದೇ ಬೀದಿಯಲ್ಲಿ ಇಬ್ಬರು ಮನೆ ನಂಬರು ಬರೆಯಲು ಹೊರಟಂತೆ. ಮೊದಲು ಉತ್ತರ ಕೊಟ್ಟವರ ಮಾತು ನಡೆಯುತ್ತದೆ. ಒಂದು ದಿನ ಸರಿ, ಒಂದು ದಿನ ತಪ್ಪು ಎಂಬ ವಿಚಿತ್ರ ಕಾಯಿಲೆಗೆ ಇದೊಂದು ಕಾರಣ. ಇಬ್ಬರಲ್ಲಿ ಒಬ್ಬರೇ ವಿಳಾಸ ಹಂಚಬೇಕು.

ನಾಲ್ಕನೆಯದು, ಟ್ಯಾಂಕು ತುಂಬಿ ಜಾಗವೇ ಇಲ್ಲವಾಗಿದೆಯೇ? ಸರ್ವರಿನಲ್ಲಿ ‘ಡಿಎಫ್ -ಎಚ್’ ಎಂಬ ಆದೇಶ ಕೊಟ್ಟರೆ ಯಾವ ಡಿಸ್ಕ್ ಎಲ್ಲಿಗೆ ಜೋಡಣೆಯಾಗಿದೆ, ಎಷ್ಟು ತುಂಬಿದೆ ಎಂಬ ಪಟ್ಟಿ ಬರುತ್ತದೆ. ಮನೆಗಳಿರುವ ಭಾಗ ನೂರಕ್ಕೆ ನೂರು ತುಂಬಿದ್ದರೆ ಹೊಸಬರು ಒಳಗೆ ಹೋಗಲಾರರು. ಯಾರಾದರೂ ನಾಲ್ಕು ಸಿನಿಮಾ ತುಂಬಿಸಿರಬಹುದು. ತೆಗೆಯಬೇಕಾದದ್ದು ಅದನ್ನು. ಪಟ್ಟಿಯಲ್ಲಿ ಮನೆಗಳ ಭಾಗವೇ ಕಾಣದಿದ್ದರೆ ಸರ್ವರ್ ತನ್ನ ಡಿಸ್ಕನ್ನೇ ಜೋಡಿಸಿಕೊಂಡಿಲ್ಲ ಎಂದರ್ಥ.

ಐದನೆಯದು, ಗಡಿಯಾರ ಸರಿಯಿದೆಯೇ? ಇದನ್ನು ಕೇಳಿದರೆ ನಗು ಬರಬಹುದು. ಗುರುತು ಪರೀಕ್ಷೆಗೆ ‘ಕರ್ಬರೋಸ್’ ವಿಧಾನ ಬಳಸುವ ಶಾಲೆಗಳಲ್ಲಿ ಯಂತ್ರದ ಗಡಿಯಾರಕ್ಕೂ ಸರ್ವರಿನ ಗಡಿಯಾರಕ್ಕೂ 5 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಪ್ರವೇಶವಿಲ್ಲ. ಹಳೆಯ ಯಂತ್ರಗಳ ಒಳಗಿರುವ ನಾಣ್ಯದಾಕಾರದ ಸೆಲ್ ಸತ್ತುಹೋಗಿದ್ದರೆ ಕರೆಂಟು ಹೋದಾಗಲೆಲ್ಲ ಅವು ಎಷ್ಟೋ ವರ್ಷ ಹಿಂದಕ್ಕೆ ಹೋಗಿಬಿಡುತ್ತವೆ. ಒಂದು ಸಣ್ಣ ಸೆಲ್ ಬದಲಿಸಿದರೆ ತೀರುವ ತೊಂದರೆಗೆ ಇಡೀ ವ್ಯವಸ್ಥೆಯನ್ನು ಮರುಸ್ಥಾಪಿಸಲು ಹೊರಡುವುದು ಎಂಥ ಮಾತು!

ಹೆಸರಲ್ಲ, ಸಂಖ್ಯೆ

ಇನ್ನೊಂದು ಬಗೆಯ ತೊಂದರೆ ಇದೆ. ಮನೆ ಬಂದಿದೆ, ಕಡತವೂ ಕಾಣುತ್ತಿದೆ, ಆದರೆ ತೆರೆಯಲು ಹೋದರೆ “ಅನುಮತಿ ಇಲ್ಲ” ಎನ್ನುತ್ತದೆ. ಇನ್ನೂ ವಿಚಿತ್ರವೆಂದರೆ, ಒಬ್ಬನ ಕಡತ ಮತ್ತೊಬ್ಬನಿಗೆ ತೆರೆದುಕೊಳ್ಳುತ್ತದೆ.

ಕಾರಣ ಇಷ್ಟೆ. ನಾವು ಹೆಸರು ಬರೆದರೂ ಲಿನಕ್ಸ್ ಒಳಗೊಳಗೆ ಗುರುತಿಸುವುದು ಸಂಖ್ಯೆಯನ್ನು. ಹಾಜರಿ ಪುಸ್ತಕದಲ್ಲಿ ಹೆಸರಿನ ಬದಲು ನಂಬರು ಕೂಗಿದಂತೆ. ಡೆಬಿಯನ್, ಉಬುಂಟುಗಳಲ್ಲಿ ಮೊದಲ ಬಳಕೆದಾರನಿಗೆ ಸಾಮಾನ್ಯವಾಗಿ 1000, ಮುಂದಿನವನಿಗೆ 1001. ಪ್ರತಿ ಯಂತ್ರದಲ್ಲೂ ಬೇರೆಬೇರೆಯಾಗಿ ಖಾತೆ ತೆರೆದರೆ ಒಂದು ಯಂತ್ರದಲ್ಲಿ 1001 ಎಂದರೆ ಒಬ್ಬ ಹುಡುಗಿ, ಇನ್ನೊಂದರಲ್ಲಿ 1001 ಎಂದರೆ ಮತ್ತೊಬ್ಬ ಹುಡುಗ. ಎ ವಿಭಾಗದ 12ನೇ ನಂಬರಿನವನ ಅಂಕಪಟ್ಟಿ ಬಿ ವಿಭಾಗದ 12ನೇ ನಂಬರಿನವನ ಕೈಗೆ ಹೋದರೆ ಹೇಗೆ? ಹಳೆಯ ಎನ್‌ಎಫ್‌ಎಸ್ ಜೋಡಣೆಗಳು ಈ ಸಂಖ್ಯೆಯನ್ನೇ ನಂಬುತ್ತವೆ. ಹೊಸ ನಾಲ್ಕನೇ ಆವೃತ್ತಿಯಲ್ಲಿ ಹೆಸರನ್ನೂ ಹೊಂದಿಸಿ ನೋಡುವ ಏರ್ಪಾಡಿದೆ. ಅದು ಹೊಂದದಿದ್ದರೆ ಎಲ್ಲ ಕಡತಗಳ ಒಡೆಯನ ಜಾಗದಲ್ಲಿ ‘ನೋಬಡಿ’ ಎಂದು ಬರುತ್ತದೆ. ಯಾರೂ ಅಲ್ಲದವನು ಎಂದರ್ಥ! ಕಡತ ಹಾಳಾಗಿಲ್ಲ, ಹೆಸರಿನ ಹೊಂದಿಕೆ ತಪ್ಪಿದೆ ಅಷ್ಟೆ.

ಪರಿಹಾರ: ಖಾತೆಗಳೆಲ್ಲ ಒಂದೇ ಕಡೆ, ಸರ್ವರಿನಲ್ಲೇ ಇರಬೇಕು. ‘ಎಲ್‌ಡ್ಯಾಪ್’ ಎಂಬ ಹೆಸರಿನ ದಾಖಲೆ ಪುಸ್ತಕ ಇರುವುದು ಇದಕ್ಕಾಗಿ. ಆಗ ಶಾಲೆಯಿಡೀ ಒಂದು ಹೆಸರಿಗೆ ಒಂದೇ ಸಂಖ್ಯೆ. ಅವಸರದಲ್ಲಿ ಕೆಲವರು “ಎಲ್ಲರಿಗೂ ಎಲ್ಲ ಅನುಮತಿ” ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಅದು ಬೀಗ ಕೆಟ್ಟಿತೆಂದು ಇಡೀ ಓಣಿಯ ಬಾಗಿಲುಗಳನ್ನೆಲ್ಲ ಕಿತ್ತುಹಾಕಿದಂತೆ.

ಚಾಪೆಯ ಕೆಳಗಿನ ಚೀಟಿ

ನಮ್ಮ ಕಥೆಯ ಹುಡುಗಿ ಖಾಲಿ ಮನೆಯಲ್ಲೇ ಕುಳಿತು, ಧೈರ್ಯಗೆಡದೆ, ಎರಡು ಪುಟ ಹೊಸದಾಗಿ ಬರೆದಳು ಎನ್ನೋಣ. ಮಧ್ಯಾಹ್ನ ಶಿಕ್ಷಕಿ ತೊಂದರೆ ಕಂಡುಹಿಡಿದು ಮನೆಯನ್ನು ಜೋಡಿಸಿದರು. ಹಳೆಯ ಪ್ರಬಂಧ ಬಂತು, ನವಿಲೂ ಬಂತು. ಆದರೆ ಬೆಳಿಗ್ಗೆ ಬರೆದ ಎರಡು ಪುಟ ಮಾಯ!

ಇದೂ ಕಳೆದುಹೋದದ್ದಲ್ಲ. ಬರಿ ನೆಲದ ಮೇಲೆ ಒಂದು ಚೀಟಿ ಇಟ್ಟು ಅದರ ಮೇಲೆ ಚಾಪೆ ಹಾಸಿದರೆ ಚೀಟಿ ಕಾಣುತ್ತದೆಯೇ? ಜೋಡಣೆಯಿಲ್ಲದಾಗ ಬರೆದದ್ದು ಆ ಯಂತ್ರದ ಸ್ವಂತ ಡಿಸ್ಕ್‌ನಲ್ಲಿ ಉಳಿದಿದೆ. ಅದೇ ಜಾಗದ ಮೇಲೆ ಸರ್ವರಿನ ಮನೆ ಬಂದು ಹಾಸಿಕೊಂಡಿದೆ. ಎಲ್ಲರೂ ಹೊರಬಂದ ಮೇಲೆ ಶಿಕ್ಷಕರು ಜೋಡಣೆಯನ್ನು ಬಿಚ್ಚಿ ನೋಡಿದರೆ ಎರಡು ಪುಟ ಅಲ್ಲೇ ಬಿದ್ದಿರುತ್ತದೆ. ಆದ್ದರಿಂದ ತಾವು ಎಷ್ಟನೇ ಯಂತ್ರದಲ್ಲಿ ಕುಳಿತಿದ್ದೆವೆಂದು ವಿದ್ಯಾರ್ಥಿಗಳು ಬರೆದಿಟ್ಟುಕೊಳ್ಳಬೇಕು. ಆ ಒಂದು ಸಂಖ್ಯೆ ಇಲ್ಲದಿದ್ದರೆ ಇಡೀ ಕೋಣೆಯ ಚಾಪೆಗಳನ್ನೆಲ್ಲ ಎತ್ತಿ ನೋಡಬೇಕಾಗುತ್ತದೆ.

ಸ್ಥಾಪಿಸುವಾಗಲೇ ಎಚ್ಚರ

ಈ ತೊಂದರೆಗಳ ಬೀಜ ಬಿತ್ತುವುದು ಬಹುಪಾಲು ಮೊದಲ ದಿನವೇ, ಇನ್‌ಸ್ಟಾಲ್ ಮಾಡುವಾಗ. ಹೊಸದಾಗಿ ವ್ಯವಸ್ಥೆ ಹಾಕುವ ಶಾಲೆಗಳು ಕೆಲವು ಸಂಗತಿ ಗಮನಿಸಬೇಕು.

ಮುಖ್ಯ ಸರ್ವರನ್ನು ಮೊದಲು ಸ್ಥಾಪಿಸಬೇಕು, ಉಳಿದ ಯಂತ್ರಗಳನ್ನು ಆಮೇಲೆ. ಖಾತೆ, ವಿಳಾಸ, ಮನೆ ಮೂರನ್ನೂ ಕೊಡುವುದು ಸರ್ವರ್ ಆದ್ದರಿಂದ ಅದಿಲ್ಲದೆ ಹಾಕಿದ ಯಂತ್ರಗಳು ದಿಕ್ಕಿಲ್ಲದಂತಾಗುತ್ತವೆ.

ಸರ್ವರಿನಲ್ಲಿ ಮನೆಗಳಿಗೆಂದೇ ಪ್ರತ್ಯೇಕ ಭಾಗ ಇರಲಿ. ಆಗ ಎಂದಾದರೂ ವ್ಯವಸ್ಥೆಯನ್ನು ಮರುಸ್ಥಾಪಿಸಲೇಬೇಕಾದರೆ ಆ ಭಾಗವನ್ನು ಮುಟ್ಟದೆ ಉಳಿಸಿಕೊಳ್ಳಬಹುದು. “ಇಡೀ ಡಿಸ್ಕ್ ಬಳಸು” ಎಂಬ ಆಯ್ಕೆ ಒತ್ತಿದರೆ ಎಲ್ಲರ ಮನೆಗಳೂ ನೆಲಸಮ. ನಮ್ಮ ಕಥೆಯ ಪೆನ್‌ಡ್ರೈವ್‌ನಿಂದ ಆಗಬಹುದಾಗಿದ್ದ ಅನಾಹುತ ಇದೇ.

ಯಾವ ಡಿಸ್ಕ್ ಎಲ್ಲಿಗೆ ಜೋಡಣೆಯಾಗಬೇಕೆಂದು ಬರೆದಿಡುವ ಪಟ್ಟಿಗೆ ‘ಎಫ್‌ಎಸ್‌ಟ್ಯಾಬ್’ ಎಂದು ಹೆಸರು. ಅದರಲ್ಲಿ ‘ಮೊದಲ ಡಿಸ್ಕ್, ಎರಡನೇ ಡಿಸ್ಕ್’ ಎಂಬರ್ಥದ ಹೆಸರುಗಳನ್ನು ಬರೆದರೆ ಹೊಸ ಡಿಸ್ಕ್ ಸೇರಿಸಿದ ದಿನ ಸಾಲು ಅದಲುಬದಲಾಗಬಹುದು. ಪ್ರತಿ ಭಾಗಕ್ಕೂ ಇರುವ ‘ಯುಯುಐಡಿ’ ಎಂಬ ಉದ್ದನೆಯ ಗುರುತನ್ನು ಬರೆಯುವುದೇ ಲೇಸು. ಪಟ್ಟಿ ತಿದ್ದಿದ ಮೇಲೆ ಯಂತ್ರ ಆರಿಸುವ ಮೊದಲೇ ‘ಮೌಂಟ್ -ಎ’ ಎಂಬ ಆದೇಶ ಕೊಟ್ಟು ತಪ್ಪಿದೆಯೇ ಎಂದು ನೋಡಬೇಕು. ಒಂದು ಅಕ್ಷರ ತಪ್ಪಿದರೂ ಮಾರನೆಯ ದಿನ ಸರ್ವರ್ ಅರ್ಧದಲ್ಲೇ ನಿಂತುಬಿಡಬಹುದು.

ಕಚೇರಿಗಳು ದಾನ ಕೊಟ್ಟ ಹಳೆಯ ಯಂತ್ರಗಳನ್ನು ಸ್ವೀಕರಿಸುವಾಗ ಅವು 64 ಬಿಟ್‌ನವೇ ಎಂದು ವಿಚಾರಿಸಿ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ನೇ ಆವೃತ್ತಿಯನ್ನು 32 ಬಿಟ್‌ನ ಹಳೆಯ ಯಂತ್ರಗಳ ಮೇಲೆ ಹೊಸದಾಗಿ ಸ್ಥಾಪಿಸಲು ಬರುವುದಿಲ್ಲ.

ಕೊನೆಯದಾಗಿ, ಪ್ರತಿ. ಸರ್ವರಿನ ಮನೆಗಳನ್ನೆಲ್ಲ ದಿನವೂ ಬೇರೊಂದು ಡಿಸ್ಕ್‌ಗೆ ನಕಲು ಮಾಡುವ ‘ಆರ್‌ಸಿಂಕ್’ನಂಥ ಉಪಕರಣಗಳಿವೆ. ಇಲ್ಲೂ ಒಂದು ಬಲೆ ಇದೆ. ‘ಮೂಲದಲ್ಲಿ ಇಲ್ಲದ್ದನ್ನು ಪ್ರತಿಯಿಂದಲೂ ಅಳಿಸು’ ಎಂದು ಅದಕ್ಕೆ ಹೇಳಿರುತ್ತಾರೆ. ಸರ್ವರಿನಲ್ಲೇ ಮನೆಗಳ ಡಿಸ್ಕ್ ಜೋಡಣೆಯಾಗದ ರಾತ್ರಿ ಈ ಉಪಕರಣ ಓಡಿದರೆ ಅದಕ್ಕೆ ಮೂಲವೆಲ್ಲ ಖಾಲಿಯಾಗಿ ಕಾಣುತ್ತದೆ. ವಿಧೇಯನಾಗಿ ಪ್ರತಿಯನ್ನೂ ಖಾಲಿ ಮಾಡುತ್ತದೆ! ಆದ್ದರಿಂದ ಜೋಡಣೆ ಇದೆಯೆಂದು ಖಾತರಿಯಾದ ಮೇಲೆ ಮಾತ್ರ ನಕಲು ಆರಂಭವಾಗುವಂತೆ ಬರೆಯಬೇಕು. ವಾರಕ್ಕೊಂದು ಪ್ರತಿ ಯಂತ್ರದಿಂದ ಬಿಚ್ಚಿ ಬೀರುವಿನಲ್ಲಿ ಇರಬೇಕು.

ಪೋಷಕರು ಏನು ಕೇಳಬೇಕು?

ಪೋಷಕರ ಸಭೆಯಲ್ಲಿ ಶಾಲೆಯಲ್ಲಿ ಎಷ್ಟು ಕಂಪ್ಯೂಟರ್ ಇವೆ ಎಂದು ಕೇಳುವವರು ಬಹಳ. ಅದರ ಜತೆಗೆ ಮೂರು ಪ್ರಶ್ನೆ ಸೇರಿಸಿ. ಮಕ್ಕಳ ಕೆಲಸದ ಪ್ರತಿ ಎಲ್ಲಿದೆ? ಆ ಪ್ರತಿಯಿಂದ ಒಂದು ಕಡತವನ್ನಾದರೂ ಮರಳಿ ತೆಗೆದು ನೋಡಿದ್ದೀರಾ? ಸರ್ವರ್ ನೋಡಿಕೊಳ್ಳುವವರು ರಜೆಯಲ್ಲಿದ್ದರೆ ಹೇಗೆ ಹಾಕಬೇಕು, ಹೇಗೆ ಆರಿಸಬೇಕು ಎಂಬುದನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದ್ದೀರಾ? ದೂರುವ ದನಿಯಲ್ಲಿ ಕೇಳಬೇಕಾಗಿಲ್ಲ. ಪಾಠದ ನಡುವೆ ಒಬ್ಬರೇ ಶಿಕ್ಷಕರು ಇದನ್ನೆಲ್ಲ ನಿಭಾಯಿಸುತ್ತಿರುತ್ತಾರೆ. ಬಲ್ಲ ಪೋಷಕರು ತಿಂಗಳಿಗೊಂದು ಶನಿವಾರ ಬಂದು ನೆರವಾದರೆ ಅದಕ್ಕಿಂತ ದೊಡ್ಡ ದೇಣಿಗೆ ಇಲ್ಲ.

ವಿದ್ಯಾರ್ಥಿಗಳು ಮಾಡಬೇಕಾದದ್ದೂ ಸರಳವೇ. ಮನೆ ಖಾಲಿಯಾಗಿ ಕಂಡರೆ ಹೊಸದಾಗಿ ಏನನ್ನೂ ಬರೆಯಬೇಡಿ, ಅಳಿಸಬೇಡಿ. ಯಂತ್ರದ ಸಂಖ್ಯೆ, ಸಮಯ, ಪರದೆಯ ಮೇಲೆ ಬಂದ ಸಂದೇಶವನ್ನು ಅಕ್ಷರಕ್ಕೆ ಅಕ್ಷರ ನೋಟ್‌ಬುಕ್ಕಿನಲ್ಲಿ ಬರೆದು ಶಿಕ್ಷಕರಿಗೆ ತೋರಿಸಿ. “ಏನೋ ಇಂಗ್ಲಿಷ್‌ನಲ್ಲಿ ಬಂತು ಸಾರ್” ಎಂದರೆ ಯಾರಿಗೂ ಉಪಯೋಗವಿಲ್ಲ. ಪಕ್ಕದ ಯಂತ್ರದಲ್ಲಿ ಹೇಗಿದೆ ಎಂದು ಒಮ್ಮೆ ನೋಡಿ. ಗುಪ್ತಪದವನ್ನು ಮಾತ್ರ ಗೆಳೆಯರಿಗೂ ಹೇಳಬೇಡಿ.

ಪೀಣ್ಯ ಬೆಳೆದದ್ದು 1970ರ ದಶಕದಿಂದ ಈಚೆಗೆ. ಅಲ್ಲಿ ಲೇಥ್ ನಿಂತರೆ ಯಾವ ಅನುಭವಸ್ಥ ಎಲೆಕ್ಟ್ರಿಷಿಯನ್ನೂ ಮೊದಲು ಮೋಟಾರು ಬಿಚ್ಚುವುದಿಲ್ಲ. ಕರೆಂಟು ಬರುತ್ತಿದೆಯೇ ಎಂದು ಟೆಸ್ಟರ್ ಇಟ್ಟು ನೋಡುತ್ತಾನೆ. ಆಮೇಲೆ ಫ್ಯೂಸು, ಆಮೇಲೆ ಸ್ವಿಚ್ಚು, ಆಮೇಲೆ ತಂತಿ. ಮೋಟಾರಿನ ಸರದಿ ಕೊನೆಗೆ. ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ತಾಯಿಯೂ ದಾರ ತುಂಡಾದರೆ ಮೊದಲು ಸೂಜಿ, ಆಮೇಲೆ ಬಾಬಿನ್ ನೋಡುತ್ತಾಳೆ. ಮಿಷನ್ನನ್ನೇ ಬದಲಿಸಿ ಎನ್ನುವುದಿಲ್ಲ. ಮಕ್ಕಳು ಶಾಲೆಯ ಸರ್ವರಿನ ಮುಂದೆ ಕಲಿಯಬೇಕಾದ ಪಾಠ ಅವರ ಮನೆಯಲ್ಲೇ ಇದೆ. ಇಂದು ಸಂಜೆ ಕೆಲಸದಿಂದ ಬಂದ ಅಪ್ಪ ಅಮ್ಮನನ್ನು ಕೇಳಿ ನೋಡಿ: “ಮಿಷನ್ ನಿಂತರೆ ನೀವು ಮೊದಲು ಏನು ನೋಡುತ್ತೀರಿ?”

ಆ ಉತ್ತರವನ್ನು ಕಂಪ್ಯೂಟರ್ ಕೋಣೆಯ ಗೋಡೆಗೆ ಬರೆದು ಹಾಕಬಹುದು. ಅಂದಹಾಗೆ, ನಮ್ಮ ಕಥೆಯ ಶಾಲೆಯಲ್ಲಿ ಆ ಪೆನ್‌ಡ್ರೈವ್ ಮರಳಿ ಜೇಬಿಗೆ ಹೋಯಿತು. ಸರ್ವರ್ ಎದ್ದ ಮೇಲೆ ಯಂತ್ರವನ್ನು ಮರುಚಾಲನೆ ಮಾಡಿದರು. ಪರದೆಯ ಮೇಲೆ ಮೊದಲು ನವಿಲು ಬಂತು. ಪ್ರಬಂಧ ಅದರ ಹಿಂದೆಯೇ ಇತ್ತು.